ಮೂರು ಮುಷ್ಟಿ ಆಕಾಶ

"ಯಾರಿಗೆ?" ಎಂದು ಅಂಗಡಿಯವನು ಕೇಳಿದ.

ಟೆಲಿಸ್ಕೋಪ್ ಕೊಳ್ಳಲು ಬಂದವರನ್ನೆಲ್ಲ ಅವನು ಮೊದಲು ಕೇಳುತ್ತಿದ್ದದ್ದು ಅದನ್ನೇ. ಆದರೆ ಅವಳು ತನಗೆಂದು ಏನನ್ನಾದರೂ ಕೊಂಡು ಎಷ್ಟು ದಿನವಾಗಿತ್ತೋ. "ನನಗೆ" ಎಂಬ ಮಾತು ನಾಲಿಗೆಗೆ ಬರುವುದು ತಡವಾಯಿತು. ಅಷ್ಟರಲ್ಲಿ ಹಳೆಯ ಅಭ್ಯಾಸ ಮುಂದೆ ನುಗ್ಗಿ ಉತ್ತರ ಕೊಟ್ಟುಬಿಟ್ಟಿತು.

"ನನ್ನ ಗಂಡನಿಗೆ."

"ಸರ್‌ಪ್ರೈಸಾ?"

"ಹೂಂ."

"ಒಳ್ಳೇದು. ಕೂತ್ಕೊಳ್ಳಿ. ಮೊದಲು ನಿಮ್ಮ ಯಜಮಾನರ ವಿಷಯ ಹೇಳಿ. ಟೆಲಿಸ್ಕೋಪ್ ಆಮೇಲೆ."

ಅವಳು ಕೂತಳು. ಅವಳ ಗಂಡ ತೀರಿಕೊಂಡು ಆಗಲೇ ಎರಡು ವರ್ಷ ಕಳೆದಿತ್ತು.

ಅಂಗಡಿ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಬೀಗದ ಕೈ ಮಾಡುವವನು, ಅವನ ಪಕ್ಕದಿಂದ ಹತ್ತುವ ಇಕ್ಕಟ್ಟಾದ ಮೆಟ್ಟಿಲು. ಗಾಜಿನ ಕಪಾಟುಗಳಲ್ಲಿ ಬೈನಾಕ್ಯುಲರ್‌ಗಳು, ಶಾಲೆಗಳಿಗೆ ಹೋಗುವ ಮೈಕ್ರೋಸ್ಕೋಪ್‌ಗಳು. ಗೋಡೆಯುದ್ದಕ್ಕೂ ಮುಖ ಮೇಲೆತ್ತಿಕೊಂಡು ನಿಂತ ಟೆಲಿಸ್ಕೋಪ್‌ಗಳು. ಎಲ್ಲವೂ ಛಾವಣಿಯನ್ನೇ ನೋಡುತ್ತಿದ್ದವು. ಅವನು ಪುಟ್ಟ ರಬ್ಬರ್ ಚೆಂಡನ್ನು ಹಿಸುಕಿ ಲೆನ್ಸೊಂದರ ಮೇಲಿನ ದೂಳನ್ನು ಊದುತ್ತ ಪ್ರಶ್ನೆ ಕೇಳಿದ.

"ಎತ್ತರ?"

"ಆರಡಿ ಎರಡಿಂಚು."

"ಕನ್ನಡಕ ಇದೆಯಾ?"

"ದಪ್ಪದ್ದು. ತೆಗೆದರೆ ಎದುರಿಗಿರೋ ನಾನೂ ಕಾಣಲ್ಲ."

"ಭಾರ ಎತ್ತುತ್ತಾರಾ?"

"ತುಂಬಿದ ಗ್ಯಾಸ್ ಸಿಲಿಂಡರನ್ನ ಒಂದೇ ಕೈಯಲ್ಲಿ ಮೇಲೆ ತರ್ತಾರೆ. ನಾಲ್ಕು ಮಹಡಿ."

ಅವನು ಹುಬ್ಬೇರಿಸಿದ. ಹೇಳಿದ್ದೆಲ್ಲ ನಿಜವೇ, ಎರಡು ವರ್ಷ ಹಳೆಯ ನಿಜ. ಹೇಳುತ್ತ ಹೇಳುತ್ತ ಅವಳಿಗೆ ಒಂದು ಬಗೆಯ ಹಾಯೆನಿಸಿತು.

ಬಾಗಿಲ ಬಳಿ ಬಣ್ಣದ ಡಬ್ಬವೊಂದಿತ್ತು. ಮೇಲೆ ದಪ್ಪಕ್ಷರದಲ್ಲಿ 'ಆರುನೂರು ಪಟ್ಟು ದೊಡ್ಡದು' ಎಂದು ಬರೆದಿತ್ತು.

"ಅದು ಚೆನ್ನಾಗಿದೆಯಾ?"

"ಅದು ಶುದ್ಧ ಸುಳ್ಳು ಮೇಡಂ. ದೊಡ್ಡದಾಗಿ ತೋರಿಸೋದೇನೂ ಕಷ್ಟ ಅಲ್ಲ. ಮಸುಕನ್ನ ದೊಡ್ಡದು ಮಾಡಿದರೆ ದೊಡ್ಡ ಮಸುಕು ಸಿಗುತ್ತೆ ಅಷ್ಟೆ. ಟೆಲಿಸ್ಕೋಪ್ ಅಂದ್ರೆ ಬಕೆಟ್ ಇದ್ದ ಹಾಗೆ. ಬಾಯಿ ಎಷ್ಟು ಅಗಲವೋ ಅಷ್ಟು ಬೆಳಕು ಹಿಡಿಯುತ್ತೆ. ಆಮೇಲೆ ಕಾಲು ಗಟ್ಟಿ ಇರಬೇಕು. ಕಾಲು ನಡುಗಿದರೆ ಚಂದ್ರನೂ ಚಳಿಜ್ವರ ಬಂದವನ ಹಾಗೆ ನಡುಗ್ತಾನೆ."

"ಮತ್ತೆ ಸುಳ್ಳನ್ನ ಯಾಕೆ ಇಟ್ಟಿದ್ದೀರಿ?"

"ಕೇಳಿದವರಿಗೆ ತೋರಿಸಿ ಬೈಯೋಕೆ. ಅಂಗಡೀಲಿರೋ ಸುಳ್ಳು ಅದೊಂದೇ."

ಈಗ ಎರಡಾಗಿವೆ ಎಂದು ಅವಳು ಮನಸ್ಸಿನಲ್ಲೇ ತಿದ್ದಿದಳು.

ಅವಳು ಮಾತಾಡಿದಾಗಲೆಲ್ಲ ಅವನು ಮುಖ ತುಸು ತಿರುಗಿಸಿ ಬಲಕಿವಿಯನ್ನು ಮುಂದೆ ತರುತ್ತಿದ್ದ. ಮೊದಲು ಅದನ್ನು ಅವಳು ಬಿಂಕವೆಂದುಕೊಂಡಳು. ಮೂರನೆಯ ಸಲಕ್ಕೆ ವೃತ್ತಿಯ ಬುದ್ಧಿ ಎಚ್ಚೆತ್ತಿತು.

"ನಿಮ್ಮ ಎಡಕಿವಿ ಯಾವಾಗಿಂದ ಮಂದ?"

ಅವನ ಕೈಯಲ್ಲಿದ್ದ ಚೆಂಡು ಹಿಸುಕಿದಂತೆಯೇ ನಿಂತಿತು. "ನೀವು ಡಾಕ್ಟರಾ?"

"ಅಲ್ಲ. ಕಿವಿ ಪರೀಕ್ಷೆ ಮಾಡ್ತೀನಿ, ಆಸ್ಪತ್ರೇಲಿ."

"ಹಾಗಾದ್ರೆ ನೀವು ಕಿವಿ, ನಾನು ಕಣ್ಣು. ಮೂಗಿನವರೊಬ್ಬರು ಸಿಕ್ಕಿದರೆ ಒಂದು ಮುಖ ಆಗುತ್ತೆ."

ಅವಳು ನಗಲಿಲ್ಲ. ಆದರೆ ನಗು ಬರಬಹುದಾದ ಜಾಗದಲ್ಲಿ, ಕೆನ್ನೆಯ ಒಳಗೆ, ಏನೋ ಅಲುಗಿತು. ಅವನು ಅದನ್ನು ನೋಡಿದ. ನೋಡಿದ್ದು ತಿಳಿಯದಿರಲೆಂದು ಲೆನ್ಸಿಗೆ ಮತ್ತೆ ಗಾಳಿ ಊದಿದ.

"ಇವತ್ತು ಏನೂ ಕೊಡಲ್ಲ ಮೇಡಂ. ಮೊದಲ ದಿನವೇ ಕೊಂಡುಹೋದ ಟೆಲಿಸ್ಕೋಪ್ ಮಂಚದ ಕೆಳಗೆ ಹೋಗುತ್ತೆ. ಮನೇಲಿ ನಿಮಗೆ ಎಷ್ಟು ಆಕಾಶ ಇದೆ ಅಂತ ಅಳೆದುಕೊಂಡು ಬನ್ನಿ."

"ಆಕಾಶವನ್ನ ಹೇಗೆ ಅಳೆಯೋದು?"

ಅವನು ತೋಳನ್ನು ನೇರವಾಗಿ ಚಾಚಿ ಮುಷ್ಟಿ ಬಿಗಿದ. "ಹೀಗೆ. ಒಂದು ಮುಷ್ಟಿಯ ಪಕ್ಕ ಇನ್ನೊಂದು ಮುಷ್ಟಿ. ಎಷ್ಟು ಹಿಡಿಯುತ್ತೋ ಎಣಿಸಿ."

*

ಅವಳು ಕೆಲಸ ಮಾಡುತ್ತಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಶಬ್ದ ಒಳಬರಬಾರದೆಂದು ಗೋಡೆಗೆಲ್ಲ ಸ್ಪಂಜು, ಬಾಗಿಲಿಗೆ ಎರಡು ಪದರ. ದಿನವಿಡೀ ಅವಳು ಆ ಕೋಣೆಯ ಗಾಜಿನ ಈಚೆ ಕೂತು ಆಚೆಯವರ ಕಿವಿಗೆ ಸಣ್ಣ ಸಣ್ಣ ಸದ್ದು ಕಳಿಸುತ್ತಿದ್ದಳು. ಕೇಳಿಸಿದರೆ ಅವರು ಬಟನ್ ಒತ್ತಬೇಕು.

ಮನೆಯ ಕಿಟಕಿಗಳಿಗೆಲ್ಲ ಪಕ್ಕದ ಕಟ್ಟಡದ ಗೋಡೆಯೇ ಎದುರು. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಮಗ ಹೋದ ಮೇಲೆ ಅತ್ತೆ ತಮ್ಮ ಹಾಸಿಗೆಯನ್ನು ಸೊಸೆಯ ಕೋಣೆಗೆ ತಂದುಕೊಂಡಿದ್ದರು. ಇವಳೆಲ್ಲಿ ಏನು ಮಾಡಿಕೊಂಡುಬಿಡುತ್ತಾಳೋ ಎಂಬ ಭಯಕ್ಕೆ ಕೋಣೆಯ ಚಿಲಕವನ್ನೂ ಬಚ್ಚಲಿನ ಚಿಲಕವನ್ನೂ ಆಚಾರಿಯಿಂದ ಕೀಳಿಸಿದ್ದರು. ಚಿಲಕವಿದ್ದ ಕಡೆ ಮೊಳೆಯ ತೂತುಗಳು ಹಾಗೆಯೇ ಉಳಿದಿದ್ದವು. ಅತ್ತೆ ಒಳ್ಳೆಯವರು. ತಮ್ಮ ತಟ್ಟೆಯದನ್ನು ಅರ್ಧ ತೆಗೆದು ಅವಳ ತಟ್ಟೆಗೆ ಹಾಕುವವರು. ಹಾಗಾಗಿ ಜಗಳಕ್ಕೂ ದಾರಿಯಿರಲಿಲ್ಲ.

ಒಂದು ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ ಹಗಲಿನ ಚಂದ್ರ ಕಂಡಿದ್ದ. ಬೆಳ್ಳಗೆ, ಅರ್ಧ. ಅವಳನ್ನು ಸಮಾಧಾನಪಡಿಸಲು ಮನೆಗೆ ಬಾರದೆ ಇದ್ದದ್ದು ಅವನೊಬ್ಬನೇ ಎನಿಸಿತ್ತು. ಅವನನ್ನು ಹತ್ತಿರದಿಂದ ನೋಡಬೇಕೆನಿಸಿದ್ದು ಹಾಗೆ.

ಅಡುಗೆಮನೆಯ ಹಿಂದೆ ಬಟ್ಟೆ ಒಣಗಿಸುವ ಬಾಲ್ಕನಿ. ಅಲ್ಲಿ ನಿಂತು ಅವಳು ತೋಳು ಚಾಚಿ ಮುಷ್ಟಿ ಬಿಗಿದಳು. ಎದುರು ಕಟ್ಟಡದ ನೀರಿನ ಟ್ಯಾಂಕಿನಿಂದ ಈ ಕಡೆಯ ಗೋಡೆಯವರೆಗೆ ಒಂದು, ಎರಡು, ಮೂರು.

"ಯಾರಿಗೆ ಗುದ್ದೋಕೆ ಹೊರಟಿದ್ದೀಯೇ?" ಅತ್ತೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾರಿಗೂ ಇಲ್ಲ ಅತ್ತೆ. ಅಳೀತಿದ್ದೆ."

"ಏನನ್ನ?"

ಇಲ್ಲಿಯೂ ಅವಳ ಬಾಯಿ ಅದೇ ದಾರಿ ಹಿಡಿಯಿತು. "ಅವರು ಒಂದು ಟೆಲಿಸ್ಕೋಪ್ ತಗೋಬೇಕು ಅಂತಿದ್ದರು. ತರೋಣ ಅಂತ."

ಅತ್ತೆ ಬಕೆಟ್ಟನ್ನು ಕೆಳಗಿಟ್ಟರು. ಬಹಳ ಹೊತ್ತು ಒಂದು ಟವೆಲನ್ನೇ ಹಿಂಡುತ್ತಿದ್ದರು. "ಅವನಿಗೆ ಆಸೆ ಇತ್ತು ಅಂದ್ರೆ ತಾ" ಎಂದರು.

ಅವನಿಗೆ ಅಂಥ ಯಾವ ಆಸೆಯೂ ಇರಲಿಲ್ಲ. ಆದರೆ ಅವನ ಹೆಸರು ಹೇಳದೆ ಏನನ್ನಾದರೂ ಬಯಸುವುದು ಹೇಗೆಂದು ಅವಳಿಗೆ ಮರೆತುಹೋಗಿತ್ತು.

*

"ಮೂರು ಮುಷ್ಟಿ" ಎಂದಳು ಮುಂದಿನ ಶನಿವಾರ.

"ಯಾವ ದಿಕ್ಕು?"

"ಸೂರ್ಯ ಮುಳುಗೋ ಕಡೆ."

"ಅದೃಷ್ಟವಂತರು. ಅಮಾವಾಸ್ಯೆ ಕಳೆದ ಮೇಲೆ ಎಳೆ ಚಂದ್ರ ಸಂಜೆ ಅಲ್ಲೇ ಇರ್ತಾನೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಮುಷ್ಟಿ ಸರೀತಾನೆ. ಅಂದ್ರೆ ತಿಂಗಳಿಗೆ ಮೂರು ಸಂಜೆ ನಿಮ್ಮವನು."

"ಮೂರೇನಾ?"

"ಕೆಲವರಿಗೆ ಅದೂ ಇಲ್ಲ ಕಿವಿ ಮೇಡಂ."

ಆ ಹೆಸರು ಅಂದಿನಿಂದ ಅಂಟಿಕೊಂಡಿತು. ಆಮೇಲೆ ಶನಿವಾರಗಳೂ ಅಂಟಿಕೊಂಡವು. ಅರ್ಧ ದಿನದ ಕೆಲಸ ಮುಗಿಸಿ ಅವಳು ಅಂಗಡಿಯ ಮೆಟ್ಟಿಲು ಹತ್ತುವಳು. ಅವನು ಪ್ರತಿ ವಾರ ಒಂದೊಂದು ಟೆಲಿಸ್ಕೋಪನ್ನು ಕಿಟಕಿಯ ಬಳಿ ನಿಲ್ಲಿಸಿ ದೂರದ ನೀರಿನ ಟ್ಯಾಂಕಿಗೆ ಗುರಿ ಹಿಡಿದಿಡುವನು. ಆಕಾಶದ್ದನ್ನು ನೋಡುವ ಮೊದಲು ಹಗಲಲ್ಲಿ ನೆಲದ ಮೇಲಿನದನ್ನು ನೋಡಿ ಕೈ ಪಳಗಿಸಿಕೊಳ್ಳಬೇಕಂತೆ.

"ಏನು ಕಾಣುತ್ತೆ?"

"ಏಣಿ. ಒಬ್ಬ ಬಣ್ಣ ಹಚ್ಚುತ್ತಿದ್ದಾನೆ. ಅಯ್ಯೋ, ತಲೆಕೆಳಗಾಗಿ ನೇತಾಡ್ತಿದ್ದಾನಲ್ಲ!"

"ಅವನು ನೆಟ್ಟಗೇ ಇದ್ದಾನೆ. ಇದರಲ್ಲಿ ಲೋಕವೆಲ್ಲ ತಲೆಕೆಳಗು. ನಕ್ಷತ್ರಕ್ಕೆ ಮೇಲೇನು ಕೆಳಗೇನು?"

"ಬೀಳಲ್ವಾ?"

"ನೀವು ಉಸಿರು ಬಿಡಿ, ಬೀಳಲ್ಲ."

ತಾನು ಉಸಿರು ಹಿಡಿದಿದ್ದನ್ನು ಅವಳು ಆಗಲೇ ಗಮನಿಸಿದ್ದು. ಅವನ ತೋಳು ಅವಳ ತೋಳಿಗೆ ತಾಗುವುದಕ್ಕೆ ಒಂದು ಬೆರಳಗಲ ಕಡಿಮೆಯಿತ್ತು. ಆ ಬೆರಳಗಲವನ್ನು ಅವನು ಎಂದೂ ದಾಟಲಿಲ್ಲ. ಫೋಕಸ್ಸಿನ ಗುಂಡಿ ಹುಡುಕುವಾಗ ಅವಳ ಕೈ ಅವನ ಕೈಯ ಮೇಲೆ ಬಿದ್ದರೆ, ಬಿಸಿ ಪಾತ್ರೆ ಮುಟ್ಟಿದವನಂತೆ ತೆಗೆದುಬಿಡುವನು. ಪರರ ಹೆಂಡತಿಯೆಂಬ ಮರ್ಯಾದೆ. ಆ ಮರ್ಯಾದೆಯನ್ನು ಕಂಡು ಅವಳಿಗೆ ಅಳು ಬರುವಂತಾಗುತ್ತಿತ್ತು.

"ನಿಮ್ಮ ಯಜಮಾನರು ಶನಿವಾರವೂ ಕೆಲಸಕ್ಕೆ ಹೋಗ್ತಾರಾ?"

"ಹೂಂ."

"ಬಿಡುವು ಸಿಕ್ಕರೆ ಕರ್ಕೊಂಡು ಬನ್ನಿ. ಅವರ ಕಣ್ಣಿಗೇ ಸರಿಹೊಂದಿಸಿ ಕೊಡ್ತೀನಿ."

"ನೋಡ್ತೀನಿ."

ಮನೆಯಲ್ಲಿ ಅವಳ ಗಂಡ ದಿನವೂ ಸಾಯುತ್ತಿದ್ದ. ಅಂಗಡಿಯಲ್ಲಿ ಶನಿವಾರ ಶನಿವಾರ ಬದುಕುತ್ತಿದ್ದ. ಎರಡು ಕಡೆಯೂ ಅವಳು ಅವನ ಹೆಂಡತಿಯೇ. ತಿರುಗಿ ನಿಲ್ಲಲು ಎಲ್ಲಿಯೂ ಜಾಗವಿರಲಿಲ್ಲ.

ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಒಮ್ಮೆ ಬೇರೆ ಗಿರಾಕಿ ಬಂದರು. ಇನ್ನೊಮ್ಮೆ ಯಾರೂ ಬರಲಿಲ್ಲ, ಆದರೂ ಹೇಳಲಿಲ್ಲ.

"ಬಾಲ್ಕನಿಗೆ ಇಷ್ಟು ಸಾಕು" ಎಂದು ಅವನು ಒಂದು ದಿನ ಪುಟ್ಟದೊಂದನ್ನು ತೋರಿಸಿದ. ಮೇಜಿನ ಮೇಲಿಡುವಂಥದ್ದು, ಮಗುವಿನಂತೆ ಎತ್ತಿಕೊಳ್ಳಬಹುದಾದದ್ದು.

ಅವಳಿಗೆ ಅದು ಇಷ್ಟವಾಯಿತು. ಇಷ್ಟವಾದದ್ದಕ್ಕೇ ಹೆದರಿಕೆಯಾಯಿತು. ಸಿಲಿಂಡರ್ ಎತ್ತುವ ಆರಡಿ ಎರಡಿಂಚಿನ ಮನುಷ್ಯನಿಗೆ ಇದನ್ನು ಕೊಂಡರೆ ಯಾರು ನಂಬುತ್ತಾರೆ?

"ಅವರಿಗೆ ಚಿಕ್ಕದಾಯ್ತು. ಕಾರಿದೆ. ಊರ ಬೆಳಕು ದಾಟಿ ಹೋಗ್ತೀವಿ, ಇಬ್ಬರೂ."

"ಇಬ್ಬರೂ" ಎಂದು ಅವನು ಮೆಲ್ಲಗೆ ಹೇಳಿದ. ಆಮೇಲೆ ಎದ್ದು ಮೂಲೆಯಲ್ಲಿದ್ದ ದೊಡ್ಡದನ್ನು ತೋರಿಸಿದ. ಎಂಟಿಂಚು ಅಗಲದ ಬಾಯಿ, ಅವಳ ಭುಜದೆತ್ತರದ ಕೊಳವೆ, ಅದನ್ನು ಕೂರಿಸುವ ಮರದ ಪೀಠ. ಒಂದೊಂದೂ ಹತ್ತು ಕಿಲೋ. ಐಪೀಸ್ ಎನ್ನುವ, ಕಣ್ಣಿಡುವ ಚಿಕ್ಕ ಮಸೂರಗಳಲ್ಲಿ ಕನ್ನಡಕದವರಿಗೆಂದೇ ಮಾಡಿದ್ದನ್ನು ಆರಿಸಿ ಹಾಕಿಕೊಟ್ಟ.

"ಅದೃಷ್ಟವಂತರು ನಿಮ್ಮವರು" ಎಂದ. ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದ. ಬೇಕಾದ್ದಕ್ಕಿಂತ ಹೆಚ್ಚೇ ಸುತ್ತಿದ.

*

ಕೂಲಿಯವರು ಅದನ್ನು ಹಾಲಿನಲ್ಲಿಟ್ಟು ಹೋದರು. ಅಲ್ಲಿಂದ ಅದನ್ನು ಅಲುಗಿಸುವವರು ಯಾರೂ ಇರಲಿಲ್ಲ.

"ಏನೇ ಇದು, ನೀರಿನ ಪೈಪಿನ ಹಾಗೆ!" ಎಂದ ಅತ್ತೆ ಮರುದಿನವೇ ಅದಕ್ಕೆ ಒಗೆದ ದುಪ್ಪಟಿ ಹೊದಿಸಿದರು. ಪಕ್ಕದ ಮೇಜಿನ ಮೇಲೆ ಮಗನ ಫೋಟೋ ತಂದಿಟ್ಟರು. ಬಂದವರಿಗೆಲ್ಲ ತೋರಿಸಿದರು. "ನನ್ನ ಮಗನ ಆಸೆ. ಸೊಸೆ ತೀರಿಸಿದಳು." ಬಂದವರು ಅವಳ ತಲೆ ಸವರಿ ಹೋದರು.

ಒಂದು ಸಂಜೆ, ಅತ್ತೆ ನೆರೆಮನೆಗೆ ಹೋಗಿದ್ದಾಗ, ಅವಳು ಅದನ್ನು ಬಾಲ್ಕನಿಯ ಬಾಗಿಲವರೆಗೆ ಎಳೆದಳು. ಪೀಠ ಒಂದು ಸಲ, ಕೊಳವೆ ಒಂದು ಸಲ. ಸೊಂಟ ಹಿಡಿದುಕೊಂಡಿತು. ಮೂರು ಮುಷ್ಟಿ ಆಕಾಶದ ನಡುವೆ ಎಳೆ ಚಂದ್ರ ನಿಂತಿದ್ದ. ಅವಳು ಕಣ್ಣನ್ನು ಗಾಜಿಗೆ ಒತ್ತಿದಳು.

ಕಪ್ಪು. ಕಪ್ಪಿನ ನಡುವೆ ಒಂದು ಬೆಳ್ಳಿಯ ಚೂರು ಬಂದಂತಾಗಿ ಮತ್ತೆ ಕಪ್ಪು. ಕಣ್ಣು ಅಲುಗಿಸಿದಷ್ಟೂ ಚಂದ್ರ ಜಾರಿ ಜಾರಿ ಓಡಿದ. ಕೊನೆಗೆ ಟ್ಯಾಂಕಿನ ಹಿಂದೆ ಇಳಿದೇ ಹೋದ. ಅವಳು ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ಅವಳಿಗೆ ಬಹಳ ದಿನದಿಂದ ಅಳು ಬರುವಂತಾಗುತ್ತಿತ್ತೇ ಹೊರತು ಬರುತ್ತಿರಲಿಲ್ಲ.

ಶನಿವಾರ ಅಂಗಡಿಗೆ ಹೋಗಿ ಹೇಳಿದಳು. "ಕಪ್ಪಾಗುತ್ತೆ. ಚಂದ್ರ ಬಂದ ಹಾಗೆ ಮಾಡಿ ಹೋಗ್ತಾನೆ."

"ಅವರು ಕನ್ನಡಕ ಹಾಕಿಕೊಂಡೇ ನೋಡಿದ್ರಾ?"

"ಹೂಂ."

"ಹಾಗಿದ್ರೆ ಕಪ್ಪಾಗೋ ಹಾಗಿಲ್ಲ." ಅವನು ತಲೆ ಕೆರೆದುಕೊಂಡ. "ಅದು ಕಣ್ಣು ದೂರ ಇಟ್ಟು ನೋಡೋ ಐಪೀಸ್. ಬರಿಗಣ್ಣಿನವರು ತೀರಾ ಹತ್ತಿರ ಒತ್ತಿ ನೋಡಿದರೆ ಮಾತ್ರ…"

ಮಾತು ಅಲ್ಲಿಗೇ ನಿಂತಿತು. ಅವನು ಅವಳ ಕಣ್ಣುಗಳನ್ನು ನೋಡಿದ. ಕನ್ನಡಕವಿಲ್ಲದ ಕಣ್ಣುಗಳು. ಬಲಗಣ್ಣಿನ ಸುತ್ತ ರಬ್ಬರಿನ ಅಂಚು ಒತ್ತಿದ ಗುರುತೇನೂ ಉಳಿದಿರಲಿಲ್ಲ. ಆದರೂ ಅವಳ ಕೈ ತಾನಾಗಿ ಅಲ್ಲಿಗೆ ಹೋಯಿತು.

"ಅವರು ನೋಡಲೇ ಇಲ್ವಾ?" ಎಂದು ಕೇಳಿದ. ಸ್ವರದಲ್ಲಿ ಸಣ್ಣ ಸಿಟ್ಟಿತ್ತು.

"ಲೇಟಾಯ್ತು. ಬರ್ತೀನಿ" ಎಂದು ಅವಳು ಮೆಟ್ಟಿಲಿಳಿದಳು. ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಹೋಗಲಿಲ್ಲ.

*

ಮೂರನೆಯ ವಾರ, ಆಸ್ಪತ್ರೆಯ ಮಂಗಳವಾರದ ಪಟ್ಟಿಯಲ್ಲಿ ನಾಲ್ಕನೆಯವನಾಗಿ ಅವನೇ ಬಂದು ನಿಂತ.

"ನೀವೇ ಕೇಳಿದ್ರಲ್ಲ, ಎಡಕಿವಿ ಯಾವಾಗಿಂದ ಮಂದ ಅಂತ. ತೋರಿಸಿಕೊಳ್ಳೋಣ ಅಂತ ಬಂದೆ."

"ಒಳಗೆ ಕೂತ್ಕೊಳ್ಳಿ" ಎಂದಳು. ಹೆಡ್‌ಫೋನನ್ನು ಅವನ ಕಿವಿಗೆ ಸರಿಯಾಗಿ ಕೂರಿಸಿದಳು. "ಸದ್ದು ಕೇಳಿಸಿದಾಗ ಬಟನ್ ಒತ್ತಿ. ಎಷ್ಟು ಸಣ್ಣದಾಗಿದ್ದರೂ."

ಎರಡು ಪದರದ ಬಾಗಿಲು ಮುಚ್ಚಿ ಗಾಜಿನ ಈಚೆ ಬಂದು ಕೂತಳು. ಬಲಕಿವಿ ಚೆನ್ನಾಗಿತ್ತು. ಎಡಕಿವಿಯ ಗೆರೆ ಕಾಗದದ ಮೇಲೆ ಕೆಳಗಿಳಿಯಿತು. ಮಂದವೇ, ಆದರೆ ಪೂರ್ತಿ ಹೋಗಿರಲಿಲ್ಲ.

"ಈಗ ಮಾತಿನ ಪರೀಕ್ಷೆ. ನಾನು ಹೇಳಿದ್ದನ್ನ ಹಾಗೆಯೇ ತಿರುಗಿ ಹೇಳಬೇಕು. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ, ಒಂದು ಹಂತ ಜೋರು ಮಾಡ್ತೀನಿ."

"ಸರಿ ಕಿವಿ ಮೇಡಂ."

"ಬಾಗಿಲು."

"ಬಾಗಿಲು."

"ಹಗಲು."

"ಹಗಲು."

"ಕೆಲಸ."

"ಕೆಲಸ."

ಬಲಕಿವಿ ಮುಗಿಯಿತು. ಎಡಕಿವಿಗೆ ಬದಲಿಸಿದಳು. ಎದುರಿಗೆ ಪದಗಳ ಪಟ್ಟಿ ಇತ್ತು. ಅವಳು ಪಟ್ಟಿಯನ್ನು ನೋಡಲಿಲ್ಲ. ಸ್ವರದ ಗುಂಡಿಯನ್ನು ಕೆಳಗಿಳಿಸಿದಳು, ಆ ಕಿವಿಗೆ ಕೇಳಿಸಲಾರದಷ್ಟು ಕೆಳಕ್ಕೆ. ಹೇಳಿದಂತೆಯೂ ಆಗಬೇಕು, ಅವನಿಗೆ ಕೇಳಿಸಲೂ ಬಾರದು. ಅಷ್ಟೇ ಧೈರ್ಯ ಇದ್ದದ್ದು.

"ನನ್ನ ಗಂಡ ಇಲ್ಲ. ತೀರಿಕೊಂಡು ಎರಡು ವರ್ಷ ಆಯ್ತು."

"ಕೇಳಿಸಲಿಲ್ಲ" ಎಂದ ಅವನು, ನಿಯಮದಂತೆ.

ಹೇಳಿ ಆಯಿತು, ಇನ್ನು ಪಟ್ಟಿಗೆ ಮರಳಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಅವಳು ಒಂದು ಹಂತ ಏರಿಸಿದಳು.

"ನನ್ನ ಗಂಡ ಇಲ್ಲ. ತೀರಿಕೊಂಡು ಎರಡು ವರ್ಷ ಆಯ್ತು."

"ನನ್ನ ಗಂಡ…" ಅವನು ಹಣೆ ಗಂಟಿಕ್ಕಿದ. "ಮುಂದಿನದು ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ."

ಅವಳು ಮತ್ತೆ ಏರಿಸಿದಳು. ಎರಡು ವರ್ಷದಲ್ಲಿ ಈ ಮಾತನ್ನು ಬೇರೆಯವರೆಲ್ಲ ಅವಳಿಗೆ ಹೇಳಿದ್ದರು. ಅವಳ ಬಾಯಿಂದ ಇದು ಮೊದಲು. ಮೊದಲಲ್ಲ, ಮೂರನೆಯ ಸಲ.

"ನನ್ನ ಗಂಡ ಇಲ್ಲ. ತೀರಿಕೊಂಡು ಎರಡು ವರ್ಷ ಆಯ್ತು."

ಅವನು ಬಾಯಿ ತೆರೆದ. "ನನ್ನ ಗಂಡ ಇಲ್ಲ" ಎಂದ, ಒಪ್ಪಿಸುವ ಮಗುವಿನಂತೆ. "ತೀರಿಕೊಂಡು ಎರಡು ವರ್ಷ…"

ಗಾಜಿನಾಚೆ ಅವನು ನಿಧಾನವಾಗಿ ತಲೆಯೆತ್ತಿದ. ಅವಳು ಕಾಗದದತ್ತ ತಲೆ ತಗ್ಗಿಸಿದಳು. ಕಾಗದದ ಮೇಲೆ ಒಂದು ಹನಿ ಬಿದ್ದು ಎಡಕಿವಿಯ ಗೆರೆ ಕದಡಿತು. ಆಮೇಲೆ ಇನ್ನೊಂದು ಹನಿ.

"ಆಯ್ತು" ಎಂದು ಅವನು ಮೆಲ್ಲಗೆ ಮುಗಿಸಿದ.

ಅವನೇ ಬಾಗಿಲು ತೆರೆದುಕೊಂಡು ಈಚೆ ಬಂದ. ಹೆಡ್‌ಫೋನ್ ಕೊರಳಲ್ಲೇ ಇತ್ತು, ಅದರ ತಂತಿ ಬಾಗಿಲಲ್ಲಿ ಸಿಕ್ಕಿ ಅವನನ್ನು ಹಿಂದಕ್ಕೆ ಜಗ್ಗಿತು.

"ಹಾಗಾದ್ರೆ ಆರಡಿ ಎರಡಿಂಚು?"

"ಇದ್ದರು."

"ಸಿಲಿಂಡರ್?"

"ಎತ್ತುತ್ತಿದ್ದರು. ನಿಜ."

"ನಾನು ಅವರನ್ನ ಬೈಕೊಂಡಿದ್ದೀನಿ" ಎಂದ. ಮುಖ ಬಿಳುಚಿತ್ತು. "ಮೂರು ತಿಂಗಳಿಂದ, ವಾರ ವಾರ. ಅಷ್ಟು ಎತ್ತರ, ಅಷ್ಟು ಶಕ್ತಿ, ಇಂಥ ಹೆಂಡತಿ. ಒಂದು ಶನಿವಾರ ಪಕ್ಕದಲ್ಲಿ ಬಂದು ನಿಲ್ಲೋಕೆ ಈ ಮನುಷ್ಯನಿಗೆ ಏನು ರೋಗ ಅಂತ. ಕ್ಷಮಿಸಿ. ಅವರ ಹತ್ತಿರವೂ ಕೇಳಬೇಕಿತ್ತು, ಎಲ್ಲಿ ಕೇಳೋದು?"

ಅವಳಿಗೆ ನಗು ಬಂತು. ಅಳುವಿನ ನಡುವೆಯೇ, ಬಿಕ್ಕಳಿಕೆಯ ಹಾಗೆ ಬಂತು, ತಡೆಯಲಾಗಲಿಲ್ಲ. "ಇದ್ದಿದ್ದರೆ ಅವರೂ ನಿಮ್ಮನ್ನ ಬೈತಿದ್ದರು" ಎಂದಳು. "ಹೆಂಡತಿ ಕೈಲಿ ಎತ್ತೋಕಾಗದ್ದನ್ನ ಕೊಟ್ಟಿದ್ದಾನಲ್ಲ ಅಂತ."

"ಎತ್ತೋದು ನಿಮ್ಮ ಕೈಲಿ ಅಂತ ಹೇಳಿದ್ರೆ ತಾನೆ!"

"ಹೇಳೋಕೆ ಬರಲಿಲ್ಲ."

ಅವನು ಕೊರಳಿನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಆ ಚಿಕ್ಕದನ್ನ ಯಾರಿಗೂ ಕೊಟ್ಟಿಲ್ಲ" ಎಂದ. "ಭಾನುವಾರ ಬಂದು ಬದಲಾಯಿಸಿಕೊಡ್ಲಾ? ನಿಮ್ಮ ಕಣ್ಣಿಗೆ ಸರಿಹೊಂದಿಸಿ."

ಅವಳು ಉತ್ತರಿಸುವ ಮೊದಲು ದುಪ್ಪಟಿ ಹೊದ್ದ ಕೊಳವೆ, ಅದರ ಪಕ್ಕದ ಫೋಟೋ, ಎರಡೂ ಕಣ್ಣೆದುರು ಬಂದವು. "ಮನೇಲಿ ಇನ್ನೂ ಒಬ್ಬರಿಗೆ ಹೇಳಬೇಕು" ಎಂದಳು.

*

ಮನೆಯಲ್ಲಿ ಜೋರು ಮಾಡಲು ಗುಂಡಿಯಿರಲಿಲ್ಲ. ಅತ್ತೆ ಬಟ್ಟೆ ಮಡಿಸುತ್ತಿದ್ದರು. ಅವಳು ಎದುರಿಗೆ ಕೂತು ದಿಂಬಿನ ಚೀಲವೊಂದನ್ನು ತೆಗೆದುಕೊಂಡಳು.

"ಅತ್ತೆ, ಆ ಟೆಲಿಸ್ಕೋಪನ್ನ ವಾಪಸ್ ಕೊಡ್ತೀನಿ."

"ಅವನ ಆಸೆ ಕಣೇ ಅದು."

"ಅಲ್ಲ. ಅವರಿಗೆ ಆಸೆ ಇರಲಿಲ್ಲ. ಸುಳ್ಳು ಹೇಳಿದೆ. ಬೇಕಾಗಿದ್ದು ನನಗೆ."

ಅತ್ತೆಯ ಕೈ ನಿಲ್ಲಲಿಲ್ಲ. ಅಂಚಿಗೆ ಅಂಚು ಕೂಡಿಸಿ ಟವೆಲನ್ನು ಮಡಿಸಿದರು, ಅಂಗೈಯಿಂದ ಒತ್ತಿದರು.

"ನನ್ನ ಮಗನಿಗೆ ನಕ್ಷತ್ರ ಬೇಕಿತ್ತೋ ಬೇಡವೋ ಅಂತ ನನಗೆ ಗೊತ್ತಿಲ್ವೇನೇ? ಅವನು ಜೀವಮಾನದಲ್ಲಿ ಕತ್ತೆತ್ತಿ ನೋಡಿದ್ದು ಫ್ಯಾನ್ ಒಂದನ್ನೇ. ಅದೂ ತಿರುಗದೆ ಇದ್ದಾಗ."

"ಗೊತ್ತಿದ್ದೂ…"

"ನೀನು ಅವನ ಹೆಸರು ಹಿಡಿದು ಏನೋ ಕೇಳಿದೆಯಲ್ಲ. ಅದು ಕೇಳೋಕೆ ಚೆನ್ನಾಗಿತ್ತು. ನನ್ನ ಹತ್ತಿರ ಅವನ ಹೆಸರು ಹೇಳೋರು ಬೇರೆ ಯಾರಿದ್ದಾರೆ?"

ಅವಳು ಮಡಿಸಿದ ದಿಂಬಿನ ಚೀಲವನ್ನೇ ಮತ್ತೆ ಬಿಚ್ಚಿ ಮಡಿಸಿದಳು.

"ಭಾನುವಾರ ಅಂಗಡಿಯವರು ಬರ್ತಾರೆ" ಎಂದಳು ಕಡೆಗೆ. "ಅಂಗಡಿಯವರು ಅಷ್ಟೇ ಅಲ್ಲ ಅತ್ತೆ."

ಈ ಸಲ ಅತ್ತೆಯ ಕೈ ನಿಂತಿತು.

"ಹೋಗು ಅಂತ ನನ್ನ ಬಾಯಲ್ಲಿ ಬರಲ್ಲ" ಎಂದರು ಅತ್ತೆ. "ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ತಡೆಯೋದೂ ಇಲ್ಲ. ಅದಕ್ಕಿಂತ ಹೆಚ್ಚು ನನ್ನಿಂದ ಕೇಳಬೇಡ."

*

ಭಾನುವಾರ ಮಧ್ಯಾಹ್ನ ಅವನು ಚಿಕ್ಕ ಟೆಲಿಸ್ಕೋಪನ್ನು ಕಂಕುಳಲ್ಲಿಟ್ಟುಕೊಂಡು ನಾಲ್ಕು ಮಹಡಿ ಹತ್ತಿ ಬಂದ. ಅಂಗಿಗೆ ಇಸ್ತ್ರಿ ಮಾಡಿದ್ದ, ಒಂದು ತೋಳಿಗೆ ಮಾತ್ರ ಚೆನ್ನಾಗಿ ಬಂದಿತ್ತು.

ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟೇ ಇಷ್ಟು ಇದೆ! ಆ ದೊಡ್ಡದರಲ್ಲಿ ಕಾಣದ್ದು ಇದರಲ್ಲಿ ಕಾಣುತ್ತೇನಪ್ಪಾ?"

"ಎತ್ತೋಕಾದರೆ ಕಾಣುತ್ತಮ್ಮ. ದೊಡ್ಡದು ಮೂಲೇಲಿ ನಿಂತರೆ ಏನೂ ಕಾಣಲ್ಲ."

"ಮದುವೆ ಆಗಿದೆಯಾ?"

"ಇಲ್ಲಮ್ಮ."

"ಯಾಕೆ?"

"ಅಂಗಡಿಗೆ ಯಾರೂ ಎರಡನೇ ಸಲ ಬರಲಿಲ್ಲ."

ಅತ್ತೆ ನಗಲಿಲ್ಲ. ಎದ್ದು ಹೋಗಿ ದುಪ್ಪಟಿಯನ್ನು ತೆಗೆದು ಮಡಿಸಿದರು. ಫೋಟೋವನ್ನು ಸೆರಗಿನಿಂದ ಒರೆಸಿ ತಮ್ಮ ಕೋಣೆಗೆ ಒಯ್ದರು. ತಮ್ಮದೇ ಕೋಣೆಗೆ. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಕೋಣೆಯಿಂದ ತಮ್ಮ ದಿಂಬನ್ನೂ ಹೊದಿಕೆಯನ್ನೂ ತೆಗೆದುಕೊಂಡು ಅಲ್ಲಿಗೇ ಹೋದರು. ಹಾಸಿಗೆಯನ್ನು ಬಿಟ್ಟಿದ್ದರು. ಅದಕ್ಕೆ ಇನ್ನೊಂದು ದಿನ ಬೇಕಾಗಿತ್ತೇನೋ.

ಪೀಠವನ್ನು ಅವನೊಬ್ಬನೇ ಕೆಳಗಿಳಿಸಿ ಬಂದ. ಏದುಸಿರು ಬಿಡುತ್ತ, "ಸಿಲಿಂಡರ್ ಎತ್ತೋರಿಗೆ ಕೈ ಮುಗೀಬೇಕು" ಎಂದ. ಕೊಳವೆಯನ್ನು ಇಬ್ಬರೂ ಹಿಡಿದರು. ಕೆಳತುದಿ ಅವನು, ಮೇಲ್ತುದಿ ಅವಳು. ಅವನು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲಿಳಿದ. ಹಾಗಾಗಿ ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡಬೇಕಾಯಿತು.

"ಮೆಟ್ಟಿಲು ನೋಡಿ."

"ಬೆನ್ನಿಗೆ ಕಣ್ಣಿಲ್ಲ. ನೀವೇ ಹೇಳಿ."

"ಇನ್ನೊಂದು. ಇನ್ನೊಂದು. ಈಗ ಸಮ."

ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಂತಳು. ತೋಳು ಸೋತಿತ್ತು. ಕೊಳವೆಯನ್ನು ಗೋಡೆಗೊರಗಿಸಿ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತರು. ಯಾರ ಮನೆಯಲ್ಲೋ ಕುಕ್ಕರ್ ಕೂಗಿತು.

"ನಾನು ತಕ್ಷಣ ಬರೋಕಾಗಲ್ಲ" ಎಂದಳು.

"ಎಲ್ಲಿಗೆ?"

"ನೀವು ಕರೆದಲ್ಲಿಗೆ."

"ನಾನಿನ್ನೂ ಕರೆದೇ ಇಲ್ಲವಲ್ಲ."

"ಕರೀರಿ ಮತ್ತೆ."

ಅವನು ಕರೆಯಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಇಬ್ಬರ ನಡುವಿನ ಮೆಟ್ಟಿಲ ಮೇಲೆ ಮೇಲ್ಮುಖವಾಗಿ ಇಟ್ಟ. ಅವಳು ಅದನ್ನು ನೋಡಿದಳು. ಕೊಳವೆಯ ಗ್ರೀಸು ಬೆರಳಿಗೆ ಹತ್ತಿತ್ತು. ಅವಳ ಕೈಗೂ ಹತ್ತಿತ್ತು. ತನ್ನ ಕೈಯನ್ನು ಅದರ ಮೇಲಿಟ್ಟಳು. ಈ ಸಲ ಅವನು ತೆಗೆಯಲಿಲ್ಲ.

"ಅತ್ತೆ ಒಬ್ಬರೇ ಆಗ್ತಾರೆ" ಎಂದಳು.

"ಅವರಿಗೂ ಕಣ್ಣಿದೆ. ಅಂಗಡೀಲಿ ಕುರ್ಚಿ ಎರಡಿದೆ, ಮೂರನೇದು ತರ್ತೀನಿ."

"ಬರಲ್ಲ ಅಂತಾರೆ."

"ಅನ್ನಲಿ. ನೀವೂ ಮೂರು ತಿಂಗಳು ಏನೇನೋ ಅಂದಿರಿ."

ಮೇಲಿನಿಂದ ಬಾಗಿಲು ತೆರೆದ ಸದ್ದಾಯಿತು. ಕಂಬಿಯ ಮೇಲೆ ಬಳೆ ತಾಗಿತು. "ಇಳಿಸಿದ್ರೇನೇ?" ಎಂದು ಅತ್ತೆಯ ದನಿ ಎರಡು ಮಹಡಿಯ ಮೆಟ್ಟಿಲುಗಳನ್ನು ಸುತ್ತಿಕೊಂಡು ಬಂತು. ಅದರಲ್ಲಿ ಎಂದಿನ ಹೆದರಿಕೆಯಿತ್ತು. ಹೆದರಿಕೆಯ ಜೊತೆಗೆ, ಕೇಳಿದ ಮೇಲೆ ಉತ್ತರಕ್ಕೆ ಕಾಯುವ ಸಹನೆಯೂ ಇತ್ತು.

ಅವಳು ಕೈ ಬಿಡದೆ ಕತ್ತು ಮೇಲೆತ್ತಿದಳು.

"ಇನ್ನೂ ಇಲ್ಲ ಅತ್ತೆ," ಎಂದು ಕೂಗಿ ಹೇಳಿದಳು. "ಅರ್ಧ ದಾರೀಲಿದ್ದೀವಿ."